ಖಿನ್ನತೆಗೆ ಅಣಬೆ ಔಷಧ: ಬಿಪಿ ಇರುವವರ ಹೃದಯ ತಡೆಯುತ್ತಾ?

ಪ್ರಶ್ನೆ: ನಮ್ಮದು ಸಿಂಧನೂರು. ಅಣ್ಣನಿಗೆ 52 ವರ್ಷ, ಬಿಪಿ ಇದೆ. ನಾಲ್ಕು ವರ್ಷದಿಂದ ಖಿನ್ನತೆ, ಮಾತ್ರೆ ಬದಲಿಸಿದರೂ ಪೂರ್ತಿ ಹೋಗಿಲ್ಲ. ವಿದೇಶದಲ್ಲಿ ಅಣಬೆಯ ಔಷಧ ಕೊಡ್ತಾರಂತೆ, ಹೃದಯಕ್ಕೆ ಏನೂ ಆಗಲ್ವಂತೆ. ವಿಡಿಯೋದಲ್ಲಿ ನೋಡಿದೆ. ನಿಜಾನಾ ಡಾಕ್ಟ್ರೇ?

ಉತ್ತರ: ವಿಡಿಯೋದ ಮಾತು ಅರ್ಧ ನಿಜ. ನಿಮ್ಮ ಅಣ್ಣ ಇರುವುದು ಉಳಿದರ್ಧದಲ್ಲಿ.

ಅಣಬೆಯಲ್ಲಿರುವ ಸಿಲೋಸೈಬಿನ್ ತೆಗೆದುಕೊಂಡಾಗ ಬಿಪಿ, ಎದೆಬಡಿತ ಕೆಲವು ಗಂಟೆ ಏರಿ ತಾವಾಗಿಯೇ ಇಳಿಯುತ್ತವೆ. ಪ್ರಯೋಗಗಳಲ್ಲಿ ಹೃದಯಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಅಪರೂಪ. ಆದರೆ ಹತೋಟಿಗೆ ಬಾರದ ಬಿಪಿ, ಹೃದಯದ ಕಾಯಿಲೆ ಇದ್ದವರನ್ನು ಆ ಪ್ರಯೋಗಗಳಿಗೆ ಸೇರಿಸಿಕೊಳ್ಳುವುದೇ ಇಲ್ಲ. ಗಟ್ಟಿ ಹೃದಯದವರನ್ನು ನೋಡಿ ಹೇಳಿದ ಧೈರ್ಯದ ಮಾತು ಅದು. ನಿಮ್ಮ ಅಣ್ಣನಿಗೆ ಹಾಗೇ ಹೊಂದಿಸಬೇಡಿ.

ಹೀಗೆ ಮನಸ್ಸಿನ ಅನುಭವವನ್ನೇ ಬದಲಿಸುವ ಔಷಧಗಳ ಗುಂಪಿನಲ್ಲಿ ನನಗೆ ಜಾಸ್ತಿ ಭಯ ಇರುವುದು ಐಬೊಗೈನ್ ಬಗ್ಗೆ. ಆಫ್ರಿಕಾದ ಒಂದು ಗಿಡದ ಬೇರಿನ ತೊಗಟೆಯದು, ಚಟ ಬಿಡಿಸಲು ಕೆಲವು ದೇಶಗಳಲ್ಲಿ ಕೊಡುತ್ತಾರೆ. ಹೃದಯ ಒಮ್ಮೆ ಬಡಿದ ಮೇಲೆ ಮುಂದಿನ ಬಡಿತಕ್ಕೆ ಮತ್ತೆ ಚಾರ್ಜ್ ಆಗಬೇಕು. ಅದಕ್ಕೆ ಹೃದಯದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗಬೇಕು. ಐಬೊಗೈನ್ ಆ ದಾರಿಗೇ ಅಡ್ಡ ಬರುತ್ತದೆ. ಇಸಿಜಿ ಕಾಗದ ನೋಡಿದ್ದೀರಲ್ವಾ, ಸಣ್ಣ ಸಣ್ಣ ಚೌಕದ್ದು? ಒಂದು ಚಿಕ್ಕ ಚೌಕ ಅಂದರೆ 40 ಮಿಲಿಸೆಕೆಂಡ್. ಹೃದಯ ಬಡಿದು ಮತ್ತೆ ಚಾರ್ಜ್ ಆಗಲು ಹಿಡಿಯುವ ಹೊತ್ತನ್ನು ತೋರಿಸುವ ಕ್ಯೂಟಿ ಅನ್ನುವ ಅಂತರ ಸಾಮಾನ್ಯವಾಗಿ ಹತ್ತು ಚೌಕದ ಆಸುಪಾಸು ಇರುತ್ತದೆ. ಹನ್ನೆರಡೂವರೆ, ಅಂದರೆ 500 ಮಿಲಿಸೆಕೆಂಡ್ ದಾಟಿದರೆ ಬಡಿತದ ತಾಳ ತಪ್ಪುವ ಭಯ. ಐಬೊಗೈನ್‌ನಿಂದ ಹೀಗೆ ಜೀವ ಹೋದವರಿದ್ದಾರೆ. ಖಿನ್ನತೆಗೆ ಕೊಡುವ ಸಿಟಲೋಪ್ರಾಮ್ ಕೂಡ ಈ ಅಂತರವನ್ನು ಹಿಗ್ಗಿಸುತ್ತದೆ. ಅದಕ್ಕೇ 2011ರಲ್ಲಿ ಅಮೆರಿಕದ ಔಷಧ ಇಲಾಖೆ ದಿನಕ್ಕೆ 40 ಮಿಲಿಗ್ರಾಂ ದಾಟಬಾರದು ಎಂದಿತು. ಅಣ್ಣನ ಮಾತ್ರೆ ಚೀಟಿ ಒಮ್ಮೆ ನೋಡಿ.

ಇನ್ನು ಕವಾಟದ ವಿಷಯ. ತೂಕ ಇಳಿಸುವ ಫೆನ್‌ಫ್ಲೂರಮಿನ್ ಮಾತ್ರೆ ಹೃದಯದ ಕವಾಟ ಕೆಡಿಸುತ್ತದೆ ಎಂದು 1997ರಲ್ಲಿ ಅಮೆರಿಕದಲ್ಲಿ ಮಾರಾಟ ನಿಂತಿತು. ದೇಹದೊಳಗೆ ಸಂದೇಶ ಒಯ್ಯುವ ಸೆರೊಟೋನಿನ್ ಅನ್ನುವ ರಾಸಾಯನಿಕಕ್ಕೆ ಜೀವಕೋಶಗಳಲ್ಲಿ ಬಾಗಿಲುಗಳಿವೆ. ಆ ಹಾನಿ ನಡೆದ ಬಾಗಿಲನ್ನೇ ಭ್ರಮೆ ತರಿಸುವ ಎಲ್‌ಎಸ್‌ಡಿ, ಸಿಲೋಸೈಬಿನ್ ಕೂಡ ತಟ್ಟುತ್ತವೆ. ವೈದ್ಯರ ಎದುರು ಒಂದೆರಡು ಡೋಸ್ ಬೇರೆ. ಮನೆಯಲ್ಲಿ ಚೂರು ಚೂರು ತಿಂಗಳುಗಟ್ಟಲೆ ನುಂಗುವುದು ಬೇರೆ.

ನಮ್ಮಲ್ಲಿ ಸಿಲೋಸೈಬಿನ್, ಎಲ್‌ಎಸ್‌ಡಿ ಎರಡೂ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ಯಾರಾದರೂ ತಂದುಕೊಟ್ಟರೆ ಅಣ್ಣನ ಕೈಗೆ ಕೊಡಬೇಡಿ. ಅರಿವಳಿಕೆಗೆ ಬಳಸುವ ಕೆಟಮಿನ್ ಅನ್ನು ಕೆಲವು ಆಸ್ಪತ್ರೆಗಳಲ್ಲಿ ಖಿನ್ನತೆಗೂ ಕೊಡುತ್ತಾರೆ. ಅದೂ ಬಿಪಿ ಏರಿಸುತ್ತದೆ. ಅದರ ತಂಗಿಯಂಥ ಎಸ್‌ಕೆಟಮಿನ್ ಮೂಗಿನ ಸ್ಪ್ರೇ ಕೊಟ್ಟಾಗ ಬಿಪಿ ತುದಿ ಮುಟ್ಟುವುದು ಸುಮಾರು 40 ನಿಮಿಷಕ್ಕೆ. ಆಗ ತೋಳಿಗೆ ಮತ್ತೆ ಬಿಪಿ ಪಟ್ಟಿ ಕಟ್ಟಿ ನೋಡಬೇಕು, ಕಡಿಮೆ ಅಂದರೂ ಎರಡು ಗಂಟೆ ಕೂರಿಸಿಕೊಳ್ಳಬೇಕು. ಮೊದಲೇ 140/90 ದಾಟಿದ್ದರೆ ಅವತ್ತು ಕೊಡಬೇಕೋ ಬೇಡವೋ ಎಂದು ವೈದ್ಯರು ತೂಗಿ ನೋಡುತ್ತಾರೆ.

ಅಣ್ಣನನ್ನು ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಜಿಲ್ಲೆಯಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಸಿಗಬೇಕು ಎಂದು 1985ರಲ್ಲಿ ನಿಮ್ಹಾನ್ಸ್ ಶುರು ಮಾಡಿದ್ದು ಪಕ್ಕದ ಬಳ್ಳಾರಿಯಲ್ಲೇ. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ಹೋಗುವಾಗ ಹಳೇ ಇಸಿಜಿ, ಒಂದು ವಾರದ ಬಿಪಿ ಬರೆದ ಚೀಟಿ, ಈವರೆಗೆ ತಿಂದ ಎಲ್ಲ ಮಾತ್ರೆಗಳ ಹೆಸರು ಜೊತೆಗಿರಲಿ. ಈಗಿನ ಮಾತ್ರೆ ಸುಮ್ನೆ ನಿಲ್ಲಿಸಬೇಡಿ. ಅಣ್ಣ ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ, ಆಗಲೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.