ರಾತ್ರಿ ಜ್ವರ ಬಂದರೆ ಡೋಲೊ ಕೊಟ್ಟು ಬೆಳಗಿನವರೆಗೆ ಕಾಯಬಹುದಾ?

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ಮೂಳೆಮಜ್ಜೆ ಸರಿಯಾಗಿ ಕೆಲಸ ಮಾಡ್ತಿಲ್ಲ, ಎಂಡಿಎಸ್ ಅಂದಿದ್ದಾರೆ. ನಮ್ಮದು ಮದ್ದೂರು ಹತ್ತಿರದ ಹಳ್ಳಿ. ರಾತ್ರಿ ಜ್ವರ ಬಂದರೆ ಡೋಲೊ ಕೊಟ್ಟು ಬೆಳಿಗ್ಗೆ ಕರ್ಕೊಂಡು ಹೋದರೆ ಆಗುತ್ತಾ?

ಉತ್ತರ: ಆಗುವುದಿಲ್ಲ. ಆ ಹೊತ್ತಿನಲ್ಲೇ ಹೊರಡಬೇಕು.

ಮೊದಲು ಕೊನೆಯ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್ ತೆಗೆದು ನೋಡಿ. ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯನ್ನು ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ) ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿ. ಒಟ್ಟು 1,800, ನ್ಯೂಟ್ರೋಫಿಲ್ ಶೇ 22 ಇದ್ದರೆ 396 ಬರುತ್ತದೆ. ಇದನ್ನೇ ಡಾಕ್ಟರು ಎಎನ್‌ಸಿ ಎನ್ನುವುದು. 500ಕ್ಕಿಂತ ಕಡಿಮೆಯಾದರೆ ಅಪಾಯ ಬಹಳ ಹೆಚ್ಚು. ಎಂಡಿಎಸ್‌ನಲ್ಲಿ ಇನ್ನೊಂದು ತೊಡಕಿದೆ: ಸಂಖ್ಯೆ ಸಾಕಷ್ಟಿದ್ದರೂ ಕಣಗಳು ನೆಟ್ಟಗೆ ಕೆಲಸ ಮಾಡದೇ ಇರಬಹುದು.

ಸೋಂಕಾದಾಗ ಕೀವು, ಊತ, ಕಫ ಆಗುವುದು ಬಹುಮಟ್ಟಿಗೆ ಈ ನ್ಯೂಟ್ರೋಫಿಲ್‌ಗಳಿಂದಲೇ. ಅವೇ ಇಲ್ಲದವರಿಗೆ ಸೋಂಕು ತಗುಲಿದರೆ ಎಷ್ಟೋ ಸಲ ಜ್ವರವೊಂದೇ ಗುರುತು. ಡೋಲೊ ಆ ಗುರುತನ್ನೂ ಅಳಿಸುತ್ತದೆ. ಮೈ ತಣ್ಣಗಾಯಿತೆಂದು ಮನೆಯವರು ಮಲಗುತ್ತಾರೆ, ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಬಿಪಿ ಕುಸಿದಿರಬಹುದು.

ಡಿಜಿಟಲ್ ಥರ್ಮಾಮೀಟರನ್ನು ನಾಲಿಗೆಯ ಕೆಳಗಿಟ್ಟು ನೋಡಿ. ಕಂಕುಳಲ್ಲಿ ಕಡಿಮೆ ತೋರಿಸುತ್ತದೆ. ಗುದದ್ವಾರದಲ್ಲಿ ಇಡಲೇಬಾರದು. ಒಮ್ಮೆ 101 ಡಿಗ್ರಿ ಬಂದರೂ, 100.4 ಒಂದು ಗಂಟೆ ನಿಂತರೂ ಹೊರಡಿ. ಚಳಿ ನಡುಕ, ಏದುಸಿರು, ಮಾತು ತಡವರಿಸುವುದು ಕಂಡರೆ ಜ್ವರಕ್ಕೆ ಕಾಯಬೇಡಿ. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಜ್ವರ ಬಾರದೆಯೂ ಇರಬಹುದು.

ಮಂಡ್ಯದ ಮಿಮ್ಸ್ ಆಸ್ಪತ್ರೆಯೋ, ಮೈಸೂರಿನ ಕೆ.ಆರ್. ಆಸ್ಪತ್ರೆಯೋ, ರಕ್ತದ ಡಾಕ್ಟರು ಹೇಳಿದ ಬೇರೆ ಕಡೆಯೋ, ಈಗಲೇ ತೀರ್ಮಾನ ಮಾಡಿಟ್ಟುಕೊಳ್ಳಿ. ವಾಹನ ಇಲ್ಲದಿದ್ದರೆ 108. ಕ್ಯಾಶುವಾಲ್ಟಿಯಲ್ಲಿ ಬರೀ ‘ಜ್ವರ’ ಎಂದರೆ ಸಾಲಿನಲ್ಲಿ ಕೂರಿಸುತ್ತಾರೆ. ‘ಎಂಡಿಎಸ್ ಪೇಷಂಟು, ಎಎನ್‌ಸಿ 400, ಜ್ವರ 101’ ಎಂದು ರಿಪೋರ್ಟ್ ಮುಂದಿಡಿ. ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಪರೀಕ್ಷೆ) ರಕ್ತ ತೆಗೆದು, ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಶುರುವಾಗಬೇಕು.

ದಾರಿಯಲ್ಲಿ ಊರಿನ ಕ್ಲಿನಿಕ್ಕಿಗೆ ಹೋಗಿ ‘ಒಂದು ಇಂಜೆಕ್ಷನ್ ಹಾಕಿಸಿಕೊಂಡು ಹೋಗೋಣ’ ಎನ್ನುವವರೇ ಹೆಚ್ಚು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆ ಇರುವವರಿಗೆ ಸೊಂಟಕ್ಕೆ ಚುಚ್ಚಿದರೆ ಮಾಂಸಖಂಡದೊಳಗೆ ರಕ್ತ ಸೋರಿ ಗಡ್ಡೆ ಕಟ್ಟಬಹುದು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇದ್ದಬದ್ದ ಪ್ಲೇಟ್‌ಲೆಟ್ಟನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಪಪ್ಪಾಯಿ ಎಲೆ ರಸವನ್ನಂತೂ ನಂಬಿ ಕೂರಬೇಡಿ. ಇಲ್ಲಿ ಕಣ ತಯಾರಿಸುವ ಮಜ್ಜೆಯೇ ಕೆಟ್ಟಿದೆ.

ಜ್ವರ ಇಲ್ಲದಾಗ ಪ್ಲೇಟ್‌ಲೆಟ್ 10,000ಕ್ಕಿಂತ ಇಳಿದರೆ ಹಾಕುತ್ತಾರೆ, ಜ್ವರವಿದ್ದರೆ ಸಾಮಾನ್ಯವಾಗಿ 20,000ದಲ್ಲೇ. ಪ್ಲೇಟ್‌ಲೆಟ್ ಚೀಲ ಸುಮಾರು ಐದೇ ದಿನ ಬಾಳುವುದರಿಂದ ರಕ್ತನಿಧಿಯಲ್ಲಿ ಯಾವಾಗಲೂ ಸಿಗುತ್ತದೆ ಎನ್ನುವಂತಿಲ್ಲ. ರಕ್ತ ಕೊಡುವ ನಾಲ್ಕಾರು ಜನರ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಮಜ್ಜೆ ಕಸಿಯ ಯೋಚನೆ ಇದ್ದರೆ ಮಾತ್ರ ಒಡಹುಟ್ಟಿದವರ, ಮಕ್ಕಳ ರಕ್ತ ಬೇಡ, ಹೊರಗಿನವರದೇ ಇರಲಿ.