ಬಸ್ ಚಾರ್ಜು ಮೊದಲು ಯಾರ ಜೇಬಿನಿಂದ ಹೋಗುತ್ತದೆ?

ಸ್ವಯಂಸೇವಾ ಸಂಸ್ಥೆಗಳ ಒಳಗಿನ ಆಡಳಿತ ನೋಡಿ ಸಲಹೆ ಕೊಡುವುದು ನನ್ನ ಕೆಲಸ. ಎಲ್ಲಿಗೆ ಹೋದರೂ ಸಮಾನತೆಯ ಬಗ್ಗೆ ಬರೆದಿಟ್ಟ ನೀತಿಯ ಫೈಲನ್ನು ಮೊದಲು ಕೈಗೆ ಕೊಡುತ್ತಾರೆ. ಓದುತ್ತೇನೆ. ಆಮೇಲೆ ಪ್ರಯಾಣ ಖರ್ಚಿನ ವೋಚರ್‌ಗಳನ್ನು ಕೇಳುತ್ತೇನೆ.

ಯಾಕೆ ಅಂದರೆ, ಒಂದು ಸಂಸ್ಥೆಯಲ್ಲಿ ಫೀಲ್ಡ್ ಕಾರ್ಯಕರ್ತೆಯೊಬ್ಬರು ತಿಂಗಳ ಸಭೆಗೆ ಬರುವುದನ್ನೇ ನಿಲ್ಲಿಸಿದ್ದರು. 'ಆಸಕ್ತಿ ಕಡಿಮೆ' ಎಂದು ಮೇಲಿನವರು ಷರಾ ಬರೆದಿದ್ದರು. ವೋಚರ್ ಕಟ್ಟು ಬಿಚ್ಚಿದಾಗ ಬೇರೆಯೇ ಕಥೆ ಕಂಡಿತು. ಆಕೆ ಮೊದಲು ಕೈಯಿಂದ ಖರ್ಚು ಮಾಡಬೇಕು, ಆಮೇಲೆ ಬಿಲ್ ಕೊಡಬೇಕು. ಹಣ ವಾಪಸ್ ಬರಲು ಎರಡು ತಿಂಗಳು. ಟಿಕೆಟ್ ಕಳೆದುಹೋದರೆ ಅದೂ ಇಲ್ಲ. ನಿರ್ದೇಶಕರಿಗೂ ಇದೇ ನಿಯಮ, ಹಾಗಾಗಿ ಇದರಲ್ಲಿ ಭೇದಭಾವ ಇದೆ ಎಂದು ಯಾರಿಗೂ ಅನಿಸಿರಲಿಲ್ಲ. ಆದರೆ ಉಳಿತಾಯ ಇದ್ದವರಿಗೆ ಎರಡು ತಿಂಗಳು ಕಾಯುವುದು ಸಣ್ಣ ಕಿರಿಕಿರಿ ಅಷ್ಟೇ. ಆಕೆ ಮಾತ್ರ ಪ್ರತಿ ತಿಂಗಳು ಪಕ್ಕದ ಮನೆಯವರ ಹತ್ತಿರ ಸಾಲ ಮಾಡಿ ಸಭೆಗೆ ಬರುತ್ತಿದ್ದರು. ಪ್ರಯಾಣಕ್ಕೆ ಮೊದಲೇ ಅಡ್ವಾನ್ಸ್ ಕೊಡುವ ಪದ್ಧತಿ ಶುರುವಾಯಿತು. ಮುಂದಿನ ಸಭೆಗೆ ಆಕೆ ಬಂದರು.

ಎಲ್ಲರಿಗೂ ಒಂದೇ ನಿಯಮ ಮಾಡುವುದು ಸುಲಭ. ಆ ನಿಯಮದ ಭಾರ ಯಾರ ಮೇಲೆ ಜಾಸ್ತಿ ಬೀಳುತ್ತಿದೆ ಎಂದು ನೋಡಿ ತಿದ್ದುವುದಕ್ಕೆ ತಾಳ್ಮೆ ಬೇಕು. ಸೇವಾ ಸಂಸ್ಥೆಗಳಲ್ಲಿ ಈ ಮಾತು ಎತ್ತುವುದಂತೂ ಇನ್ನೂ ಕಷ್ಟ. 'ನೊಂದವರ ಪರ ದುಡಿಯುವವರೇ ನಾವು, ನಮ್ಮಲ್ಲೇ ತಾರತಮ್ಯವಾ?' ಎಂದು ನಿಜವಾಗಿಯೂ ಬೇಸರ ಮಾಡಿಕೊಳ್ಳುತ್ತಾರೆ. ಆ ಬೇಸರ ನನಗೆ ಅರ್ಥವಾಗುತ್ತದೆ. ಅದಕ್ಕೇ ನಾನು ಯಾರ ಮನಸ್ಸನ್ನೂ ಪ್ರಶ್ನಿಸುವುದಿಲ್ಲ, ನಿಯಮಗಳನ್ನಷ್ಟೇ ಒಂದೊಂದಾಗಿ ಮೇಜಿನ ಮೇಲೆ ಇಡುತ್ತೇನೆ.

ನೇಮಕಾತಿಯನ್ನೇ ತೆಗೆದುಕೊಳ್ಳಿ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಬೋಸ್ಟನ್ ಮತ್ತು ಷಿಕಾಗೊದ ಉದ್ಯೋಗ ಜಾಹೀರಾತುಗಳಿಗೆ ಸುಮಾರು 5,000 ಕಾಲ್ಪನಿಕ ಅರ್ಜಿಗಳನ್ನು ಕಳಿಸಿದ್ದರು. ಬಿಳಿಯರದು ಎನಿಸುವ ಹೆಸರಿದ್ದ ಅರ್ಜಿಗಳಿಗೆ, ಕಪ್ಪು ಜನರದು ಎನಿಸುವ ಹೆಸರಿದ್ದವುಗಳಿಗಿಂತ ಸುಮಾರು ಶೇ 50ರಷ್ಟು ಹೆಚ್ಚು ಕರೆ ಬಂದವು. ಹಾಗಾಗಿ ಮೊದಲ ಸುತ್ತಿನಲ್ಲಿ ಹೆಸರು ಮುಚ್ಚಿ ಅರ್ಜಿ ಓದಿ. ಸಂದರ್ಶನದಲ್ಲಿ ಎಲ್ಲರಿಗೂ ಅವೇ ಪ್ರಶ್ನೆ ಕೇಳಿ. ಪ್ರತಿಯೊಬ್ಬ ಸಂದರ್ಶಕರೂ ಚರ್ಚೆಗೆ ಮೊದಲೇ ಅಂಕ ಬರೆದಿಡಲಿ. ಇಲ್ಲದಿದ್ದರೆ ಹಿರಿಯರು ಏನು ಹೇಳುತ್ತಾರೋ ಎಲ್ಲರ ಅಂಕವೂ ಅತ್ತ ಕಡೆಗೇ ವಾಲುತ್ತದೆ. ಇನ್ನು ಸಂಬಳವಿಲ್ಲದ ಇಂಟರ್ನ್‌ಶಿಪ್ ಅನುಭವ ಕೇಳುವುದನ್ನು ದಯವಿಟ್ಟು ಬಿಡಿ. ಆರು ತಿಂಗಳು ಸಂಬಳ ಇಲ್ಲದೆ ಯಾರ ಮನೆ ನಡೆಯುತ್ತದೆ, ಯೋಚಿಸಿ.

ಆದರೆ ಬೇರೆ ಬೇರೆ ಹಿನ್ನೆಲೆಯವರನ್ನು ಕರೆತಂದು ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಅಲ್ವಾ? ಅಮೆರಿಕದ ನೀತಿ ತಜ್ಞೆ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಜನರ ಭಾಗವಹಿಸುವಿಕೆಗೆ 8 ಮೆಟ್ಟಿಲಿನ ಏಣಿಯೊಂದನ್ನು ಹೇಳಿದರು. ಮಾಹಿತಿ ಕೊಡುವುದು ಮೂರನೆಯ ಮೆಟ್ಟಿಲು, ಅಭಿಪ್ರಾಯ ಕೇಳುವುದು ನಾಲ್ಕನೆಯದು, ಸಮಾಧಾನಕ್ಕೆ ಒಂದು ಕುರ್ಚಿ ಕೊಡುವುದು ಐದನೆಯದು. ನಿರ್ಧಾರದಲ್ಲಿ ಪಾಲು ಸಿಗುವುದು ಆರನೆಯದರಿಂದ. ನಾನು ಕಂಡ ಬಹುತೇಕ ಸಂಸ್ಥೆಗಳು ಐದರಲ್ಲೇ ನಿಂತಿವೆ. ಸಮುದಾಯದ ಪ್ರತಿನಿಧಿಯ ಕೈಗೆ ನಲವತ್ತು ಪುಟಗಳ ಕಾಗದವನ್ನು ಸಭೆಯ ದಿನವೇ ಕೊಡುತ್ತಾರೆ, ಅದೂ ಅವರಿಗೆ ಸರಿಯಾಗಿ ಬಾರದ ಭಾಷೆಯಲ್ಲಿ. ಆಮೇಲೆ 'ಅವರು ಮಾತಾಡುವುದೇ ಇಲ್ಲ' ಎನ್ನುತ್ತಾರೆ. ಅದೇ ಸಭೆಯಲ್ಲಿ ಲೆಕ್ಕಪರಿಶೋಧಕರಿಗೆ ಶುಲ್ಕ ಇರುತ್ತದೆ, ನನಗೂ ಇರುತ್ತದೆ. ದಿನಗೂಲಿ ಬಿಟ್ಟು ಬಂದವರಿಗೆ ಧನ್ಯವಾದ ಮಾತ್ರ. ಇದು ನನಗೆ ಇವತ್ತಿಗೂ ಸಂಕಟ ತರುತ್ತದೆ. ಅವರ ಅನುಭವವೂ ಪರಿಣತಿಯೇ, ಅದಕ್ಕೆ ಗೌರವಧನ ಕೊಡಲೇಬೇಕು.

ಹಣದ ವಿಷಯ ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಸೈನ್ ಭಾಷೆಯ ಅನುವಾದಕರು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಗಾಲಿಕುರ್ಚಿ ಹೋಗುವಂಥ ಸಭಾಂಗಣ, ಇವೆಲ್ಲ ಪ್ರಾಜೆಕ್ಟ್ ಪ್ರಸ್ತಾವನೆ ಬರೆಯುವ ದಿನವೇ ಬಜೆಟ್‌ನಲ್ಲಿ ಇರಬೇಕು. ಆಮೇಲೆ ಹುಡುಕಿದರೆ 'ಈ ಸಲ ಹಣ ಇಲ್ಲ' ಎಂಬ ಉತ್ತರ ಗ್ಯಾರಂಟಿ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯಲ್ಲಿ, ಅವರಿಗೆ ಸಂಬಂಧಿಸಿದ ನಿರ್ಧಾರಗಳಲ್ಲಿ ಅವರನ್ನೇ ಕೇಳಬೇಕೆಂದು ಸರ್ಕಾರಗಳಿಗೆ ಹೇಳಿದೆ. ಸರ್ಕಾರಕ್ಕೆ ಹೇಳಿದ್ದು ನಮಗೂ ಅನ್ವಯಿಸಿದರೆ ತಪ್ಪೇನು?

ನಿಮ್ಮ ಸಂಸ್ಥೆ ಎಲ್ಲಿದೆ ಎಂದು ತಿಳಿಯಬೇಕಾದರೆ ಕಳೆದ ಆರು ಸಭೆಗಳ ನಡಾವಳಿ ತೆಗೆಯಿರಿ. ಯಾರು ಎತ್ತಿದ ವಿಷಯ ತೀರ್ಮಾನವಾಯಿತು, ಯಾರದು 'ಮುಂದೆ ನೋಡೋಣ' ಆಯಿತು, ಎರಡು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ. ನಾನು ಮೊದಲು ಹೇಳಿದ ಸಂಸ್ಥೆಯಲ್ಲಿ ಇದನ್ನು ಮಾಡಿದೆವು. ಫೀಲ್ಡ್‌ನವರು ಎತ್ತಿದ ಒಂದು ವಿಷಯವೂ ತೀರ್ಮಾನದ ಬಣ್ಣದಲ್ಲಿ ಇರಲಿಲ್ಲ. ನಿರ್ದೇಶಕರು ತುಂಬಾ ಹೊತ್ತು ಆ ಹಾಳೆಗಳನ್ನೇ ನೋಡುತ್ತಾ ಕುಳಿತಿದ್ದರು.

ಪ್ರಯಾಣ ನಿಯಮಗಳನ್ನು ಹೊಸದಾಗಿ ಬರೆಯುವ ಸಮಿತಿಯಲ್ಲಿ ಈಗ ಆ ಕಾರ್ಯಕರ್ತೆಯೂ ಇದ್ದಾರೆ. ಅವರು ಮಾಡಿಸಿದ ಮೊದಲ ತಿದ್ದುಪಡಿ: ಟಿಕೆಟ್ ಕಳೆದುಹೋದರೆ, ಸಹಿ ಹಾಕಿದ ಒಂದು ಸಾಲು ಸಾಕು.