ಆಪ್‌ಶ್ನಿಟ್, ಆಪ್‌ಜಾಟ್ಸ್, ಆಪ್‌ಟೈಲುಂಗ್: ಮೂರೂ ‘ವಿಭಾಗ’ವೇ?

ಪ್ರಶ್ನೆ: ಜರ್ಮನ್ ಕಾಗದಪತ್ರಗಳಲ್ಲಿ ಈ ಮೂರು ಪದಗಳು ಪದೇ ಪದೇ ಬರುತ್ತವೆ. ಎಲ್ಲಕ್ಕೂ ‘ವಿಭಾಗ’ ಎಂದು ಬರೆದರೆ ಸಾಕೇ?

ಸಾಲದು. ‘ವಿಭಾಗ’ ಒಪ್ಪುವುದು ಆಪ್‌ಟೈಲುಂಗ್‌ಗೆ. ಅದು ಕಚೇರಿ, ಕಂಪನಿ, ಆಸ್ಪತ್ರೆಗಳ ವಿಭಾಗ. ಉಳಿದೆರಡು ಬರಹಕ್ಕೆ ಸೇರಿದವು. ಆಪ್‌ಶ್ನಿಟ್ ಎಂದರೆ ಕತ್ತರಿಸಿದ ತುಂಡು, ಸಾಮಾನ್ಯವಾಗಿ ತಲೆಬರಹವಿರುವ ದೊಡ್ಡ ಭಾಗ. ಆಪ್‌ಜಾಟ್ಸ್ ಒಂದೇ ಒಂದು ಪ್ಯಾರಾ. ಬೂಟಿನ ಹಿಮ್ಮಡಿಗೂ ಸರಕಿನ ಮಾರಾಟಕ್ಕೂ ಇದೇ ಪದವಿರುವುದರಿಂದ ನಿಘಂಟಿನ ಮೊದಲ ಅರ್ಥವನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಬೇಡಿ.

ಹೆಚ್ಚು ಜನ ಎಡವುವುದು ಪಾರಾಗ್ರಾಫ್ ಎಂಬಲ್ಲಿ. ಕಿವಿಗೆ ಪ್ಯಾರಾ ಎಂದು ಕೇಳಿದರೂ ಅದು ನಮ್ಮ ಕಾಯ್ದೆಗಳ ‘ಪ್ರಕರಣ’. ಗುರುತು §, ಒಂದಕ್ಕಿಂತ ಹೆಚ್ಚಿದ್ದರೆ §§. ಅದರೊಳಗಿನ ಆಪ್‌ಜಾಟ್ಸ್ ಉಪಪ್ರಕರಣ, ಅದರೊಳಗಿನ ಜಾಟ್ಸ್ ವಾಕ್ಯ. ಜರ್ಮನಿಯ 1949ರ ಸಂವಿಧಾನದಲ್ಲಾದರೆ § ಬದಲು ಆರ್ಟಿಕೆಲ್, ಅಂದರೆ ಅನುಚ್ಛೇದ.

ಬೆಂಗಳೂರಿನಿಂದ ಜರ್ಮನಿಗೆ ಕೆಲಸಕ್ಕೆ ಹೋಗುವವರು ಕಾಣುವ ಬ್ಲೂ ಕಾರ್ಡ್ (ಪದವೀಧರ ಉದ್ಯೋಗಿಗಳ ವಾಸದ ಪರವಾನಗಿ) ನಿಯಮವನ್ನೇ ನೋಡಿ: ಅಲ್ಲಿನ ವಾಸ್ತವ್ಯ ಕಾಯ್ದೆಯ § 18ಜಿ, ಆಪ್‌ಜಾಟ್ಸ್ 1. ಜಾಟ್ಸ್ 1 ಸಾಮಾನ್ಯ ವೇತನಮಿತಿ ಹೇಳುತ್ತದೆ. ಜಾಟ್ಸ್ 2 ಕೊರತೆಯ ವೃತ್ತಿಗಳಿಗೂ, ಪದವಿ ಪಡೆದು 3 ವರ್ಷ ಮೀರದವರಿಗೂ ಕಡಿಮೆ ಮಿತಿ ಕೊಡುತ್ತದೆ. ಒಂದು ವಾಕ್ಯ ತಪ್ಪಿ ಎಣಿಸಿದರೆ ಬೇಕಾದ ಸಂಬಳವೇ ಬೇರೆಯಾಗುತ್ತದೆ! ವಾಕ್ಯಗಳಿಗೆ ಸಂಖ್ಯೆ ಕೊಟ್ಟಿರದಿದ್ದರೆ ಪೂರ್ಣವಿರಾಮ ನೋಡಿ ನೀವೇ ಎಣಿಸಬೇಕು. ನಡುವೆ ಅಂಕಿ ಹಾಕಿ ಕೆಳಕೆಳಗೆ ಬರೆದ ಅಂಶಗಳು ಅದೇ ವಾಕ್ಯದ ಅಂಗಗಳು.

§ಗಿಂತ ಮೇಲಿನ ಹಂತಗಳ ಕ್ರಮ ಎಲ್ಲ ಕಾಯ್ದೆಗಳಲ್ಲೂ ಒಂದೇ ಅಲ್ಲ. ವಾಸ್ತವ್ಯ ಕಾಯ್ದೆಯಲ್ಲಿ ಕಾಪಿಟೆಲ್ (ಅಧ್ಯಾಯ) ದೊಡ್ಡದು, ಆಪ್‌ಶ್ನಿಟ್ ಅದರೊಳಗೆ. 1900ರ ಜನವರಿ 1ರಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆಯಲ್ಲಿ ತಿರುಗಾಮುರುಗಾ: ಮೊದಲು ಬೂಖ್ (ಪುಸ್ತಕ), ಅದರೊಳಗೆ ಆಪ್‌ಶ್ನಿಟ್, ಆಮೇಲೆ ಟೀಟೆಲ್ (ಶೀರ್ಷಿಕೆ), ಕಾಪಿಟೆಲ್ ಅದಕ್ಕೂ ಕೆಳಗೆ. ಆ ಸಂಹಿತೆಯ 5 ಪುಸ್ತಕಗಳಿಗೂ § 1ರಿಂದ § 2385ರವರೆಗೆ ಒಂದೇ ಎಣಿಕೆ, ಹಾಗಾಗಿ § ಸಂಖ್ಯೆಯೊಂದೇ ಸಾಕು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಪ್ರತಿ ಪುಸ್ತಕವೂ § 1ರಿಂದ ಶುರು. ಪುಸ್ತಕದ ಸಂಖ್ಯೆ ಬಿಟ್ಟರೆ ಉಲ್ಲೇಖ ಅರ್ಥಹೀನ.

ಕಚೇರಿಗಳಲ್ಲಿ ಎಚ್ಚರ ಬೇಕಾದ ಪದ ರೆಫೆರಾಟ್. ಕೇಂದ್ರ ಸಚಿವಾಲಯಗಳಲ್ಲಿ ಅದು ಆಪ್‌ಟೈಲುಂಗ್, ಉಪ ಆಪ್‌ಟೈಲುಂಗ್‌ಗಳ ಕೆಳಗಿನ ಸಣ್ಣ ಶಾಖೆ. ಮ್ಯೂನಿಕ್ ನಗರಾಡಳಿತದಲ್ಲಿ ಅದೇ ರೆಫೆರಾಟ್ ಇಡೀ ಇಲಾಖೆ. ವಿದೇಶಿಯರ ಕಚೇರಿ ಅಂಥ ಒಂದರೊಳಗೇ ಇದೆ. ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ತರಗತಿಯ ಮುಂದೆ ಮಂಡಿಸುವ ಪ್ರಬಂಧವೂ ರೆಫೆರಾಟ್.